ರಜಾಯಿಯೊಳಗಿನ ಮೀನು

ಹಿರಿಯರ ಗಂಟಲಿನಲ್ಲಿ ಏನೋ ಕೆಟ್ಟಿದೆ ಎಂಬುದನ್ನು ಮೊಟ್ಟಮೊದಲು ಪತ್ತೆ ಹಚ್ಚಿದವನು ನಾನು. ಅವರ ಮಗಳಿಗಿಂತ ಮೊದಲು, ಡಾಕ್ಟರಿಗಿಂತ ಮೊದಲು, ಬಹುಶಃ ಅವರಿಗಿಂತಲೂ ಮೊದಲು. ಪತ್ತೆ ಹಚ್ಚಿ ಮಾಡಿದ ಘನಕಾರ್ಯವೇನು ಅಂದರೆ, ಅದನ್ನು ಕಲಿತೆ, ತಾಲೀಮು ಮಾಡಿದೆ, ದೆಹಲಿಯ ಪೀತಮ್‌ಪುರದಲ್ಲಿರುವ ನನ್ನ ಸೋದರಮಾವನ ಹೋಟೆಲಿನಲ್ಲಿ ಜನರ ಮುಂದೆ ಆಡಿ ತೋರಿಸಿ ಚಪ್ಪಾಳೆ ಗಿಟ್ಟಿಸಿದೆ. ಚಪ್ಪಾಳೆ ತಟ್ಟಿದವರಲ್ಲಿ ಅವರ ಮಗಳೂ ಇದ್ದಳು. ಈಗ ಹಿರಿಯರಿಗೆ ದನಿಯಿಲ್ಲ. ನನಗೆ ಇನ್ನೂ ಇದೆ. ದೇವರ ಲೆಕ್ಕಾಚಾರ ಎಷ್ಟು ಕಳಪೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ನನ್ನ ಚಾಳಿಯೇ ಅಂಥದ್ದು. ಯಾರಾದರೂ ನನ್ನೊಂದಿಗೆ ಐದು ನಿಮಿಷ ಮಾತಾಡಿದರೆ ಅವರ ದನಿ ನನ್ನ ಜೇಬಿಗೆ ಬೀಳುತ್ತದೆ. ಚಿಕ್ಕವನಿದ್ದಾಗ ಅಜ್ಜಿಯ ಬಿಕ್ಕಳಿಕೆಯನ್ನು ಎಷ್ಟು ಚೆನ್ನಾಗಿ ಬಿಕ್ಕುತ್ತಿದ್ದೆನೆಂದರೆ ಅಡುಗೆಮನೆಯಿಂದ ಅಮ್ಮ ನೀರು ತಂದು ಕೊಡುತ್ತಿದ್ದಳು, ಅಜ್ಜಿಗೆ. ದೆಹಲಿಗೆ ಬಂದ ಮೇಲೆ ಸಿಕ್ಕಿದ ನೌಕರಿ ಮಾತ್ರ ದನಿಯೇ ಬೇಡದ್ದು. ನೋಯ್ಡಾದ ಕಚೇರಿಯಲ್ಲಿ ಕೂತು, ಸಿಟ್ಟಿಗೆದ್ದ ಗ್ರಾಹಕರಿಗೆ 'ನಿಮ್ಮ ತೊಂದರೆಗೆ ವಿಷಾದಿಸುತ್ತೇವೆ' ಎಂದು ದಿನವಿಡೀ ಟೈಪ್ ಮಾಡುವ ಕೆಲಸ. ಆ ದನಿಯ ಹಸಿವಿಗೇ ನಾನು ಅದೇ ನೋಯ್ಡಾದ ಡಬ್ಬಿಂಗ್ ಸ್ಟುಡಿಯೋ ಒಂದಕ್ಕೆ ಬಿಡುವಿನ ದಿನಗಳಲ್ಲಿ ಹೋಗತೊಡಗಿದ್ದು. ಅಲ್ಲಿ ಪ್ರಾಣಿಪಕ್ಷಿಗಳ ಸಾಕ್ಷ್ಯಚಿತ್ರಗಳಿಗೆ ನಮ್ಮ ದೇಶದ ಭಾಷೆಗಳ ದನಿ ಕೂರಿಸುತ್ತಾರೆ. ಕನ್ನಡದ ದನಿ ಹಿರಿಯರದ್ದು.

ಸರ್ಕಾರಿ ಕಚೇರಿಯಲ್ಲಿ ಅನುವಾದಕರಾಗಿದ್ದು ನಿವೃತ್ತರಾದವರು ಅವರು. ನೌಕರಿಯಲ್ಲಿದ್ದಾಗಲೂ ಸಂಜೆಯಾದರೆ ಚಿತ್ರಗಳಿಗೆ ದನಿ ಕೊಡುತ್ತಿದ್ದರಂತೆ. ಎದುರಿಗೆ ನಾನು ಅವರನ್ನು 'ಸರ್' ಅನ್ನುತ್ತಿದ್ದೆ, ಹಿಂದಿನಿಂದ 'ದೊಡ್ಡ ದನಿ'. ತುಂಬಿದ ಕೊಡವನ್ನು ಒಂದು ಹನಿಯೂ ತುಳುಕದಂತೆ ನೆಲಕ್ಕಿಡುತ್ತಾರಲ್ಲ, ಅವರ ವಾಕ್ಯ ಮುಗಿಯುತ್ತಿದ್ದದ್ದು ಹಾಗೆ. ಕೊನೆಯ ಪದಕ್ಕೆ ಮುಂಚೆ ಒಂದು ಸಣ್ಣ ತಡೆ, ಆಮೇಲೆ ಮೆತ್ತಗೆ ಇಳಿಸುವುದು. ಆ ತಡೆಯನ್ನು ಹಿಡಿಯಲು ನನಗೆ ಒಂದು ಮಳೆಗಾಲ ಪೂರ್ತಿ ಬೇಕಾಯಿತು.

ಹಿಡಿದ ಮೇಲೆ ಗಮನಿಸಿದೆ: ಇಳಿಸುವಾಗ ಈಗೀಗ ಕೊಡ ತಳ ಕೆರೆಯುತ್ತಿದೆ. ಸಾಂಬಾರಿನ ಹಂಡೆ ಖಾಲಿಯಾದಾಗ ಸೌಟು ತಳಕ್ಕೆ ತಾಗುವ ಸದ್ದು. ಅದರ ಹಿಂದೆಯೇ ಒಂದು ಮೊಂಡು ಕೆಮ್ಮು. ದಸರೆಯ ಹೊತ್ತಿಗೆ ಕೆಮ್ಮಿನ ಬಣ್ಣ ಬದಲಾಯಿತು, ನಾನೂ ಬದಲಾಯಿಸಿಕೊಂಡೆ. ದೀಪಾವಳಿಗೆ ಇನ್ನೊಂದು ಸುತ್ತು ಒರಟಾಯಿತು, ನಾನೂ ಒರಟಾದೆ. ದೀಪಾವಳಿ ಕಳೆದ ದೆಹಲಿಯಲ್ಲಿ ಕೆಮ್ಮದವನು ಯಾರು? ಊರಿಗೆ ಊರೇ ಹೊಗೆ ಕುಡಿದು ಖೊಕ್ ಖೊಕ್ ಅನ್ನುತ್ತಿರುವಾಗ ಒಬ್ಬ ಮುದುಕನ ಕೆಮ್ಮು ಬೇರೆ ಎಂದು ಯಾರಿಗೆ ಗೊತ್ತಾಗಬೇಕು? ನನಗೆ ಗೊತ್ತಾಗಿತ್ತು. ಹೊಗೆಯ ಕೆಮ್ಮು ಮೇಲಿನಿಂದ ಬರುತ್ತದೆ, ಇದು ಯಾವುದನ್ನೋ ಸುತ್ತಿ ಬಳಸಿ, ಸಂದಿಯಲ್ಲಿ ನುಸುಳಿ ಬರುತ್ತಿತ್ತು. ಆ ನುಸುಳಾಟವನ್ನೂ ಕಲಿತೆ. ಯಾಕೆ ನುಸುಳಬೇಕು ಎಂದು ಮಾತ್ರ ಕೇಳಿಕೊಳ್ಳಲಿಲ್ಲ. ವೇಷದವನಿಗೆ ಬಣ್ಣ ಸಿಕ್ಕಿದರೆ ಸಾಕು.

ನವೆಂಬರಿನ ಕನ್ನಡ ಕಾರ್ಯಕ್ರಮ ಮುಗಿಸಿ ಹತ್ತಿಪ್ಪತ್ತು ಮಂದಿ ಮಾವನ ಹೋಟೆಲಿಗೆ ಬಂದಿದ್ದರು. ಹಿರಿಯರೂ ಮಗಳೊಂದಿಗೆ ಮೂಲೆಯ ಮೇಜಿನಲ್ಲಿ ಕಾಫಿ ಕುಡಿಯುತ್ತಿದ್ದರು. ಯಾರೋ "ಏಯ್, ಅಂಕಲ್ದು ಮಾಡೋ" ಎಂದು ಕೆಣಕಿದರು. ನನಗೆ ಅಷ್ಟು ಸಾಕಲ್ಲ. ಹಿರಿಯರು ಮಸಾಲೆ ದೋಸೆಗೆ ಸಾಕ್ಷ್ಯಚಿತ್ರದ ದನಿ ಕೊಟ್ಟರೆ ಹೇಗಿರುತ್ತದೆ ಎಂದು ಶುರು ಮಾಡಿದೆ. "ಇದೋ, ತಟ್ಟೆಯ ಅಂಚಿನಲ್ಲಿ ಹೊಂಚು ಹಾಕಿ ಕುಳಿತಿದೆ... ಚಟ್ನಿ. ತನ್ನ ಮೇಲೆ ಎರಗಲಿರುವ ಅಪಾಯದ ಅರಿವು ಅದಕ್ಕೆ... ಇಲ್ಲ." ಕೊನೆಗೆ ಕೆಮ್ಮು. ನಗು ಸಿಡಿಯಿತು. ಮಾವ ಗಲ್ಲಾದಿಂದಲೇ "ಅಯ್ಯೋ ಸಾಕು ಮಾರಾಯ" ಎಂದು ಕಣ್ಣೊರೆಸಿಕೊಂಡರು. ಆಗ ಹಿರಿಯರಿಗೂ ನಗು ತಡೆಯದೆ ನಿಜವಾಗಿಯೇ ಕೆಮ್ಮು ಬಂತು. ಜೋರಾಗಿ. ಜನ ನನ್ನತ್ತ ನೋಡಿ ಇನ್ನಷ್ಟು ನಕ್ಕರು. ನಾನೇ ಕೆಮ್ಮಿದೆ ಅಂದುಕೊಂಡಿದ್ದರು.

ಹೊರಡುವಾಗ ಹಿರಿಯರು ನನ್ನ ಭುಜ ತಟ್ಟಿ, "ಕೆಮ್ಮು ಚೆನ್ನಾಗಿ ಎತ್ತಿದೀಯ. ಆದ್ರೆ ನಿಂದು ಮೂಗಿಂದ ಬರ್ತಿದೆ, ಎದೆಯಿಂದ ಬರ್ಲಿ" ಎಂದರು. ನಾನು ತಲೆಯಾಡಿಸಿ ಅದನ್ನೂ ತಿದ್ದಿಕೊಂಡೆ.

ಸ್ಟುಡಿಯೋದ ಕೆಲಸದ ರೀತಿ ಹೇಳದೆ ಮುಂದಿನದು ತಿಳಿಯುವುದಿಲ್ಲ. ಅದು ನೆಲಮಾಳಿಗೆಯಲ್ಲಿದೆ. ಮೊದಲು ನನ್ನಂಥ ಚಿಲ್ಲರೆ ಕಲಾವಿದ ಚಿತ್ರ ನೋಡುತ್ತಾ ಇಡೀ ಪಠ್ಯವನ್ನು ಒಮ್ಮೆ ಓದಿ ರೆಕಾರ್ಡ್ ಮಾಡಬೇಕು. ಅದಕ್ಕೆ ಗೈಡ್ ಅನ್ನುತ್ತಾರೆ. ಆಮೇಲೆ ಹಿರಿಯರು ಹೆಡ್‌ಫೋನಿನಲ್ಲಿ ಆ ಗೈಡ್ ಕೇಳುತ್ತಾ, ಎಲ್ಲಿ ನಿಲ್ಲಬೇಕು ಎಲ್ಲಿ ಓಡಬೇಕು ಎಂದು ಅಂದಾಜು ಹಿಡಿದು, ಅದರ ಮೇಲೆ ತಮ್ಮ ಓದನ್ನು ಹಾಸುತ್ತಾರೆ. ಕೊನೆಯಲ್ಲಿ ಗೈಡ್ ಅಳಿಸಿಹೋಗುತ್ತದೆ. ಮನೆ ಕಟ್ಟುವಾಗಿನ ಬೊಂಬಿನ ಚೌಕಟ್ಟು ಇದ್ದಂತೆ ನಾನು, ಗೃಹಪ್ರವೇಶಕ್ಕೆ ಯಾರೂ ಕರೆಯುವುದಿಲ್ಲ.

ಇನ್ನೊಂದು ನಿಯಮ ಚಳಿಗಾಲದ್ದು. ದನಿ ಕೊಡುವ ಆ ಸಣ್ಣ ಕೋಣೆಗೆ ಜಾಕೆಟ್ ಹಾಕಿಕೊಂಡು ಹೋಗುವಂತಿಲ್ಲ. ನೈಲಾನು ಸರ್ ಸರ್ ಎನ್ನುತ್ತದೆ, ಮೈಕು ಅದನ್ನೂ ಕೇಳಿಸಿಕೊಳ್ಳುತ್ತದೆ. ಹೀಟರಂತೂ ಗುಂಯ್‌ಗುಡುತ್ತದೆ, ಆರಿಸಲೇಬೇಕು. ಜನವರಿಯಲ್ಲಿ ನೆಲಮಾಳಿಗೆಯೊಳಗೆ ಅಂಗಿಯೊಂದರಲ್ಲಿ ಕೂತರೆ ಹಲ್ಲು ತಾಳ ಹಾಕುತ್ತವೆ. ಹಿರಿಯರು ಅದಕ್ಕೆಂದೇ ಜಿಪ್ಪಿಲ್ಲದ ಹಳೆಯ ಉಣ್ಣೆ ಸ್ವೆಟರೊಂದನ್ನು ಇಟ್ಟುಕೊಂಡಿದ್ದರು. ನಾನು ಕರಾವಳಿಯ ಬೆವರಿನಲ್ಲಿ ಬೆಳೆದವನು, ಪ್ರತಿ ಸಲವೂ "ಸತ್ತೆ ಸರ್, ಸತ್ತೆ" ಎಂದು ಗೋಳಾಡುತ್ತಿದ್ದೆ. ಪಾಟ್ನಾ ಕಡೆಯ ನಮ್ಮ ರೆಕಾರ್ಡಿಸ್ಟ್ ಗಾಜಿನ ಆಚೆ ಹೀಟರಿನ ಮುಂದೆ ಕೂತು ಕಡಲೇಕಾಯಿ ಬಿಡಿಸುತ್ತಾ, "ಮರ್ ಜಾ ಭಾಯಿ, ಪರ್ ಚುಪ್‌ಚಾಪ್ ಮರ್. ರೆಕಾರ್ಡಿಂಗ್ ಚಾಲೂ ಹೈ" ಅನ್ನುತ್ತಿದ್ದ. ಸಾಯುವುದಾದರೆ ಸದ್ದಿಲ್ಲದೆ ಸಾಯಬೇಕಂತೆ.

ಆ ಚಳಿಗಾಲದಲ್ಲಿ ನಮ್ಮ ಕೈಗೆ ಬಂದದ್ದು ಧ್ರುವಗಳ ಕಡಲಿನ ಸರಣಿ. ಅದರ ಕೊನೆಯ ಕಂತು ದಕ್ಷಿಣ ಧ್ರುವದ ಹಿಮದಡಿಯ ಒಂದು ಮೀನಿನದು. ಗೇಣುದ್ದದ್ದು, ಬೂದು ಬೆಳ್ಳಿಯ ಬಣ್ಣ, ನೋಡಲು ಏನೇನೂ ವಿಶೇಷವಿಲ್ಲ. ಅದು ಇರುವ ಜಾಗ ಮಾತ್ರ ಭಯಂಕರ. ಕಡಲ ಮೇಲೆ ಹಿಮದ ಮುಚ್ಚಳ. ಮುಚ್ಚಳದ ಒಳಮೈಗೆ ಹಪ್ಪಳಗಳಂತೆ ತೆಳ್ಳಗಿನ ಮಂಜಿನ ಬಿಲ್ಲೆಗಳು ಒತ್ತೊತ್ತಾಗಿ ತಲೆಕೆಳಗಾಗಿ ನೇತಾಡುತ್ತವೆ. ಆ ಬಿಲ್ಲೆಗಳ ಸಂದಿಯೇ ಮೀನಿನ ಮನೆ. ನೀರು ಸೊನ್ನೆಗಿಂತ ಸುಮಾರು ಎರಡು ಡಿಗ್ರಿ ಕೆಳಗೆ, ಉಪ್ಪಿರುವುದರಿಂದಷ್ಟೇ ಇನ್ನೂ ನೀರಾಗಿದೆ. ಬೇರೆ ಮೀನಾದರೆ ರಕ್ತ ಹೆಪ್ಪುಗಟ್ಟಿ ಕಡ್ಡಿಯಾಗುತ್ತದೆ. ಇದರ ರಕ್ತದಲ್ಲಿ ಹೆಪ್ಪುಗಟ್ಟಲು ಬಿಡದ ಒಂದು ಪ್ರೋಟೀನು ಇದೆ. ರೆಕಾರ್ಡಿಸ್ಟನಿಗೆ ಇದನ್ನು ವಿವರಿಸಿದಾಗ, "ಅಚ್ಛಾ, ಕೂಲೆಂಟ್! ಮೇರಿ ಗಾಡಿ ಮೇಂ ಭೀ ಹೈ" ಎಂದು ಮೀನನ್ನು ತನ್ನ ಕಾರಿನ ಮಟ್ಟಕ್ಕೆ ಇಳಿಸಿದ.

ಹಿರಿಯರು ಸಸ್ಯಾಹಾರಿ. "ಇಷ್ಟು ವರ್ಷದಲ್ಲಿ ಎಷ್ಟೊಂದು ಮೀನು ಬಾಯಿಗೆ ಬಂದಿದೆ, ಒಂದೂ ಹೊಟ್ಟೆಗೆ ಹೋಗಿಲ್ಲ ನೋಡು" ಎಂದು ತಮ್ಮನ್ನೇ ಹಾಸ್ಯ ಮಾಡಿಕೊಳ್ಳುತ್ತಿದ್ದರು. ಈ ಮೀನಿನ ಪುಟಗಳನ್ನು ಕೈಗೆ ತೆಗೆದುಕೊಂಡಾಗ ಮಾತ್ರ ಹಾಸ್ಯ ಮಾಡಲಿಲ್ಲ. ಚಹಾ ಕುಡಿಯುತ್ತಾ ಕೊನೆಯ ಪುಟವನ್ನು ಎರಡು ಸಲ ಓದಿದರು. ಅಲ್ಲಿದ್ದ ಸಂಗತಿ ನನಗೂ ಹೊಸದು. ಆ ಪ್ರೋಟೀನು ಮಂಜನ್ನು ಕರಗಿಸುವುದಿಲ್ಲ. ಕಿವಿರಿನಿಂದ, ಬಾಯಿಯಿಂದ ಮಂಜಿನ ಹರಳುಗಳು ಮೀನಿನ ಮೈಯೊಳಗೆ ಸೇರುತ್ತಲೇ ಇರುತ್ತವೆ. ಪ್ರೋಟೀನು ಹೋಗಿ ಆ ಹರಳಿಗೆ ಅಂಟಿಕೊಂಡು ಅದು ಬೆಳೆಯದಂತೆ ತಡೆಯುತ್ತದೆ, ಅಷ್ಟೇ. ಹರಳು ಹೊಟ್ಟೆಯೊಳಗಿನ ಗುಲ್ಮ ಎಂಬ ಅಂಗದಲ್ಲಿ ಹೋಗಿ ಕೂರುತ್ತದೆ. ಬೇಸಿಗೆಯ ನೀರಿನಲ್ಲೂ ಕರಗದೆ ಉಳಿಯಬಹುದು.

"ಅಂದ್ರೆ ಒಳಗೆ ಬಂದದ್ದು ಹೊರಗೆ ಹೋಗಲ್ಲ" ಎಂದರು ಹಿರಿಯರು.

"ಹೋಗಲ್ಲ ಸರ್. ಬಾಡಿಗೆದಾರನ ಥರ."

"ಬೆಳೀಬೇಡ ಅಂತ ಮಾತ್ರ ಹೇಳ್ಬಹುದು."

"ಹೌದು ಸರ್."

"ಅದನ್ನ ಇಟ್ಕೊಂಡೇ ಈಜಬೇಕು" ಎಂದು ಪುಟವನ್ನು ಮಡಚಿ ಜೇಬಿಗಿಟ್ಟುಕೊಂಡರು. ಅವರಿಗೆ ಆ ವಾರವೇ ಡಾಕ್ಟರು ವಿಷಯ ಹೇಳಿದ್ದರು ಎಂದು ನನಗೆ ತಿಳಿದದ್ದು ಆಮೇಲೆ.

ಕಂತಿನ ಮೊದಲ ಭಾಗ ಹೇಗೋ ಮುಗಿಸಿದರು. ಕೊನೆಯ ಪುಟಕ್ಕೆ ಮುಂಚೆ ಒಂದು ದೃಶ್ಯವಿತ್ತು: ಬಿಲ್ಲೆಗಳ ಸಂದಿಯಲ್ಲಿ ಅಡಗಿರುವ ಮೀನನ್ನು ಹೊರಗೆಳೆಯಲು ಸೀಲ್ ಪ್ರಾಣಿ ಒಂದು ಉಪಾಯ ಮಾಡುತ್ತದೆ. ಸಂದಿಯೊಳಕ್ಕೆ ತನ್ನ ಉಸಿರನ್ನು ಗುಳ್ಳೆಗುಳ್ಳೆಯಾಗಿ ಊದುತ್ತದೆ. ಗಾಬರಿಗೊಂಡ ಮೀನು ಚಿಮ್ಮಿ ಹೊರಬರುತ್ತದೆ, ಸೀಲ್ ಹಿಡಿದು ನುಂಗುತ್ತದೆ. ಆ ದೃಶ್ಯ ಮುಗಿಸಿ ಕೊನೆಯ ಪುಟ ಶುರು ಮಾಡುವಾಗಲೇ ಅವರ ದನಿ ನಿಂತದ್ದು. ಬಾಯಿ ಆಡುತ್ತಿತ್ತು, ಹೆಡ್‌ಫೋನಿನಲ್ಲಿ ಬರೀ ಗಾಳಿ. ರೆಕಾರ್ಡಿಸ್ಟ್ ತಂತಿ ಸಡಿಲವಾಗಿದೆಯೆಂದು ಎಲ್ಲ ಪಿನ್ನುಗಳನ್ನೂ ಒತ್ತಿ ನೋಡಿದ. ತಂತಿ ಸರಿಯಾಗಿಯೇ ಇತ್ತು.

ಎರಡು ದಿನ ಬಿಟ್ಟು ಅವರ ಮಗಳು ಫೋನು ಮಾಡಿದಳು. ಲಕ್ಷ್ಮೀ ನಗರದಲ್ಲಿ ನನ್ನ ಬಾಡಿಗೆ ಕೋಣೆ. ಮೆಟ್ರೋ ನಿಲ್ದಾಣದ ಕೆಳಗೆ ಗೆಣಸು ಸುಟ್ಟು ಮಸಾಲೆ ಹಾಕಿ ಕೊಡುವ ಗಾಡಿಯ ಹತ್ತಿರ ಭೇಟಿಯಾದೆವು. ದೆಹಲಿಯಲ್ಲೇ ಹುಟ್ಟಿ ಬೆಳೆದವಳು, ಗುರುಗ್ರಾಮದಲ್ಲಿ ನೌಕರಿ, ತಾಯಿ ತೀರಿಕೊಂಡ ಮೇಲೆ ಅಪ್ಪನಿಗೆ ಅವಳು, ಅವಳಿಗೆ ಅಪ್ಪ. ಅವಳ ಕನ್ನಡವನ್ನು ನಾನು ಎಷ್ಟೋ ಸಲ ಅಣಕಿಸಿದ್ದೆ. ಆ ದಿನ ಅಣಕಿಸುವಂತಿರಲಿಲ್ಲ.

"ಡಾಕ್ಟರ್ ವಾಯ್ಸ್ ಬಾಕ್ಸ್ ಪೂರಾ ತೆಗಿಬೇಕು ಅಂದ್ರು. ಪೂರಾ. ಪಪ್ಪಾ ಎರಡ್ ಸಲ ಡೇಟ್ ಕ್ಯಾನ್ಸಲ್ ಮಾಡಿದ್ರು ಗೊತ್ತಾ? ಯಾಕೆ ಅಂತ ಪೂಛೋ. ಫಿಶ್ ಮುಗಿಲಿ, ಫಿರ್ ಚಲೋ, ಅಂತಾರೆ. ಒಂದು ಫಿಶ್‌ಗೋಸ್ಕರ!" ಕೈಯಲ್ಲಿದ್ದ ದೊನ್ನೆಯ ಗೆಣಸಿಗೆ ಕಡ್ಡಿ ಚುಚ್ಚುತ್ತಲೇ ಇದ್ದಳು, ತಿನ್ನಲಿಲ್ಲ. "ಅದು ವೇಟ್ ಮಾಡಲ್ಲ. ಒಳಗಿರೋದು. ಅದು ಬೆಳೀತಾ ಇದೆ."

ಸಂಕಟಕ್ಕೆ ಸಿಕ್ಕಿದಾಗ ನಾನು ಗಾಡಿಯವರ ದನಿ ಎತ್ತುತ್ತೇನೆ. "ಭಯ್ಯಾ, ನಿಂಬೂ ಔರ್ ಡಾಲೋ" ಎಂದು ಇನ್ನಷ್ಟು ನಿಂಬೆ ಹಿಂಡಲು ಗೆಣಸಿನವನ ದನಿಯಲ್ಲೇ ಗೆಣಸಿನವನಿಗೆ ಹೇಳಿದೆ. ಅವನು ಗುರಾಯಿಸಿದ.

ಅವಳು ನಗಲಿಲ್ಲ. "ನೀವು ಪಪ್ಪಾದು ಮಾಡ್ತೀರಲ್ಲ" ಎಂದಳು. "ಅದೇ ಮಾಡಿ. ಲಾಸ್ಟ್ ಪೇಜ್ ನೀವೇ ಮಾಡ್‌ದೀಜಿಯೇ. ಅವರ ವಾಯ್ಸಲ್ಲಿ. ಕೆಲ್ಸ ಖತಮ್ ಆಗಿದೆ ಅಂತ ನಾನು ಕೇಳಿಸ್ತೀನಿ. ಆಗ ಪಪ್ಪಾಗೆ ಎಕ್ಸ್‌ಕ್ಯೂಸ್ ಇರಲ್ಲ, ಹಾಸ್ಪಿಟಲ್‌ಗೆ ಬರ್ತಾರೆ."

ನಾನು ಏನು ಮಾಡಬೇಕಿತ್ತು? ಹೂಂ ಅನ್ನಬೇಕಿತ್ತು, ಅಥವಾ ಊಹೂಂ ಅನ್ನಬೇಕಿತ್ತು. ನಾನು ಹಿರಿಯರ ದನಿಯಲ್ಲಿ, ಅವರ ಹಳೆಯ ಗಟ್ಟಿ ದನಿಯಲ್ಲಿ, ಕೊನೆಯ ಪದಕ್ಕೆ ಮುಂಚಿನ ಆ ತಡೆಯನ್ನೂ ಸೇರಿಸಿ, "ಆಗಲಿ... ಮಗಳೇ" ಎಂದೆ.

ಅವಳು ಒಂದು ಹೆಜ್ಜೆ ಹಿಂದೆ ಸರಿದಳು. "ರಸ್ತೆ ಮೇಲೆ ಬೇಡ" ಎಂದಳು. ದೊನ್ನೆಯನ್ನು ಹಾಗೆಯೇ ಗಾಡಿಯ ಅಂಚಿನಲ್ಲಿಟ್ಟು ಮೆಟ್ಟಿಲು ಹತ್ತಿ ಹೋದಳು. ಆ ಗೆಣಸನ್ನೂ ನಾನೇ ತಿಂದೆ.

ಸ್ಟುಡಿಯೋಗೆ ಹೋಗುವ ಧೈರ್ಯವಾಗಲಿಲ್ಲ. ರೆಕಾರ್ಡಿಸ್ಟ್ ಒಪ್ಪುವುದಿಲ್ಲ ಎಂಬುದು ಒಂದು ಕಾರಣ, ಚಳಿ ಇನ್ನೊಂದು. ಮನೆಯಲ್ಲೇ ದನಿ ಕೊಡುವ ಬಡ ಕಲಾವಿದರಿಗೆಲ್ಲ ಒಂದು ಉಪಾಯ ಗೊತ್ತು: ರಜಾಯಿ. ಹತ್ತಿ ತುಂಬಿದ ದಪ್ಪ ರಜಾಯಿಯನ್ನು ತಲೆಯ ಮೇಲಿಂದ ಹೊದ್ದು, ಒಳಗೆ ಮೈಕು ಹಿಡಿದು ಕೂತರೆ ಹೊರಗಿನ ಸದ್ದು ಬರುವುದಿಲ್ಲ, ಗೋಡೆಯ ಮಾರ್ದನಿಯೂ ಇಲ್ಲ. ಭಾನುವಾರ ಮಧ್ಯಾಹ್ನ ನಮ್ಮ ಗಲ್ಲಿಯ ಹುಡುಗರೆಲ್ಲ ಕೋಚಿಂಗಿನ ಅಣಕು ಪರೀಕ್ಷೆಗೆ ಹೋಗಿರುತ್ತಾರೆ. ಗಲ್ಲಿ ಶಾಂತ. ಹೊಟ್ಟೆಯ ಮೇಲೆ ಬಿಸಿನೀರಿನ ಚೀಲ ಇಟ್ಟುಕೊಂಡು, ರಜಾಯಿ ಹೊದ್ದು, ಫೋನಿನ ಬೆಳಕಿನಲ್ಲಿ ಮಂಜಿನಡಿಯ ಮೀನಿನ ಕೊನೆಯ ಪುಟ ಓದಿದೆ.

ಚೆನ್ನಾಗಿ ಬಂತು. ಹೆದರಿಕೆಯಾಗುವಷ್ಟು ಚೆನ್ನಾಗಿ ಬಂತು. ಕೆರೆತ ಸೇರುವುದಕ್ಕೂ ಮೊದಲಿನ ದನಿಯನ್ನು ತೆಗೆದೆ. ತುಂಬಿದ ಕೊಡ, ಹನಿ ತುಳುಕಲಿಲ್ಲ. ಕತ್ತಲೆಯಲ್ಲಿ ನನ್ನ ಬಾಯಿಯಿಂದಲೇ ಹಿರಿಯರು ಮಾತಾಡುತ್ತಿದ್ದರು, ನಾನು ಕೇಳುತ್ತಿದ್ದೆ. ಮುಗಿಸಿದ ಮೇಲೆ ಸ್ವಲ್ಪ ಹೊತ್ತು ರಜಾಯಿ ಸರಿಸಲಿಲ್ಲ. ಸರಿಸಿದರೆ ಒಳಗೆ ಒಬ್ಬನೇ ಇರುತ್ತೇನೆ ಎಂದು ಗೊತ್ತಿತ್ತು. ಸಂದಿಯೊಳಕ್ಕೆ ಉಸಿರು ಊದಿ ಮೀನನ್ನು ಹೊರಡಿಸುವ ಆ ಪ್ರಾಣಿಯೂ ನೆನಪಾಯಿತು. ಅದಕ್ಕಾದರೂ ಹಸಿವಿತ್ತು.

ಆಸ್ಪತ್ರೆಗೆ ಸೇರಲು ಮೂರನೇ ಸಲ ಗೊತ್ತಾಗಿದ್ದ ದಿನದ ಹಿಂದಿನ ದಿನ ಹಿರಿಯರು ಸ್ಟುಡಿಯೋಗೆ ಬಂದೇ ಬರುತ್ತೇನೆಂದು ಹಟ ಹಿಡಿದರು. ಮಗಳು ರಜೆ ಹಾಕಿ ಕರೆತಂದಳು. ಅವಳ ಲೆಕ್ಕ ಸರಳ: ಸಿದ್ಧವಾಗಿರುವುದನ್ನು ಕೇಳಿದ ಮೇಲೆ ಅವರೇ 'ಸಾಕು' ಅನ್ನುತ್ತಾರೆ. ಮಧ್ಯಾಹ್ನ ಹನ್ನೆರಡಾದರೂ ಮಂಜು ಬಿಟ್ಟಿರಲಿಲ್ಲ. ಎದುರಿನ ಕಟ್ಟಡವೇ ಕಾಣದು. ಮಫ್ಲರು, ಟೋಪಿ, ಮುಖಕ್ಕೆ ಮಾಸ್ಕು ಹಾಕಿಕೊಂಡು ಹಿರಿಯರು ನೆಲಮಾಳಿಗೆಯ ಮೆಟ್ಟಿಲನ್ನು ಒಂದೊಂದಾಗಿ ಇಳಿದು ಬಂದರು. ನನ್ನನ್ನು ನೋಡಿ, ದನಿಯಿಲ್ಲದ ದನಿಯಲ್ಲಿ, "ಏನಪ್ಪಾ, ಇವತ್ತು ನನ್ನದು ಎತ್ತೋಕೆ ಏನೂ ಉಳಿದಿಲ್ಲ ನೋಡು" ಎಂದರು. ನಾನು ಹಲ್ಲು ಕಿಸಿದೆ. ಅದು ಮಾತ್ರ ನನ್ನ ಸ್ವಂತದ್ದು.

ಅಷ್ಟು ಹೊತ್ತಿಗೆ ಮಗಳು ನಾನು ಕಳಿಸಿದ್ದ ಫೈಲನ್ನು ರೆಕಾರ್ಡಿಸ್ಟನ ಕೈಗೆ ಕೊಟ್ಟಿದ್ದಳು. ಅವನಿಗೆ ಕನ್ನಡ ಬರುವುದಿಲ್ಲ, ಆದರೆ ಹಿರಿಯರ ವಾಕ್ಯ ಎಲ್ಲಿ ಮುಗಿಯುತ್ತದೆ ಎಂದು ಪರದೆಯ ಮೇಲಿನ ಅಲೆ ನೋಡಿಯೇ ಹೇಳಬಲ್ಲ. ಕೇಳಿ, ಒಮ್ಮೆ ನನ್ನತ್ತ ನೋಡಿ, "ಯೇ ತೂ ಹೈ?" ಎಂದ. ನೀನಾ ಇದು? ಕಡಲೇಕಾಯಿ ಬಿಡಿಸುವುದನ್ನು ನಿಲ್ಲಿಸಿದ. ಹೊಗಳಿದನೋ ಬೈದನೋ ಅವನ ಮುಖದಲ್ಲಿ ಗೊತ್ತಾಗಲಿಲ್ಲ.

ಹಿರಿಯರು ಗಾಜಿನ ಈಚೆಯೇ ಕೂತು ಹೆಡ್‌ಫೋನ್ ಹಾಕಿಕೊಂಡರು. ಎಂದಿನಂತೆ ಗೈಡ್ ಕೇಳುತ್ತಿದ್ದೇನೆಂದೇ ಮೊದಲು ಅವರ ಭಾವನೆ. ಮೊದಲ ವಾಕ್ಯಕ್ಕೆ ಅವರ ತಲೆ ಸ್ವಲ್ಪ ಮೇಲೆದ್ದಿತು. ಕಾಣೆಯಾಗಿದ್ದ ಯಾರನ್ನೋ ಜನಸಂದಣಿಯಲ್ಲಿ ಕಂಡವರ ಹಾಗೆ. ಆಮೇಲೆ ಕಣ್ಣು ಮುಚ್ಚಿದರು. ಮಗಳು ಅವರನ್ನೇ ನೋಡುತ್ತಿದ್ದಳು, ನಾನು ನೆಲದ ಮೇಲೆ ಬಿದ್ದಿದ್ದ ಕಡಲೇಕಾಯಿ ಸಿಪ್ಪೆಯನ್ನು ನೋಡುತ್ತಿದ್ದೆ. ಪೂರ್ತಿ ಕೇಳಿದರು. ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟರು. ಬೈಗುಳಕ್ಕೆ ಕಾಯುತ್ತಾ ನಾನು ಕಿವಿಯನ್ನು ಸಿದ್ಧಪಡಿಸಿಕೊಂಡಿದ್ದೆ. ಬೈಯಲಿಲ್ಲ. ಮಫ್ಲರು ಬಿಚ್ಚಿದರು. ಟೋಪಿ ತೆಗೆದರು. ಜಾಕೆಟ್ಟಿನ ಜಿಪ್ಪು ಎಳೆದರು.

"ಪಪ್ಪಾ, ನೋ" ಎಂದಳು ಮಗಳು. "ಥಂಡಿ ಹೈ. ಆಲ್ರೆಡಿ ಆಗಿದೆಯಲ್ಲ, ನೀವೇ ಕೇಳಿದ್ರಿ."

ಅವರು ಜಾಕೆಟ್ಟನ್ನು ಅವಳ ಕೈಗೆ ಕೊಟ್ಟು, ಹಳೆಯ ಸ್ವೆಟರಿನಲ್ಲಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ರೆಕಾರ್ಡಿಸ್ಟ್ ಏನೂ ಕೇಳದೆ ಹೀಟರ್ ಆರಿಸಿದ. ಹೀಟರಿನ ಕೆಂಪು ನಿಧಾನವಾಗಿ ಬೂದಿಯಾಯಿತು.

ಕೊನೆಯ ಪುಟ ದೊಡ್ಡದೇನಲ್ಲ. ನಾನು ರಜಾಯಿಯೊಳಗೆ ಒಂದೇ ಉಸಿರಿನ ಸುಖದಲ್ಲಿ ಓದಿ ಮುಗಿಸಿದ್ದೆ. ಅವರಿಗೆ ಮಧ್ಯಾಹ್ನವೆಲ್ಲ ಬೇಕಾಯಿತು. ಒಂದು ವಾಕ್ಯ, ಬಿಸಿನೀರು, ಮತ್ತೆ ಅರ್ಧ ವಾಕ್ಯ. ಕೆಲವು ಪದಗಳು ಹೊರಗೆ ಬರುವಾಗಲೇ ಒಡೆಯುತ್ತಿದ್ದವು, ಕೆಲವು ಬರಲೇ ಇಲ್ಲ, ಹೋಗಿ ಮತ್ತೆ ಕರೆತಂದರು. "ಹರಳು ಒಳಗೆ ಉಳಿಯುತ್ತದೆ" ಎಂಬಲ್ಲಿ ದನಿ ಪೂರಾ ಬತ್ತಿ ಬರೀ ಉಸಿರಿನಲ್ಲೇ ಹೇಳಿದರು. ನನ್ನ ದರಿದ್ರ ಕಿವಿ ಅಭ್ಯಾಸಬಲದಿಂದ ಅದನ್ನೂ ಹಿಡಿದುಕೊಳ್ಳಲು ಹೋಯಿತು. ಆಗಲಿಲ್ಲ. ನನ್ನ ಜೀವಮಾನದಲ್ಲಿ ಮೊದಲ ಸಲ ಒಂದು ದನಿ ನನ್ನ ಜೇಬಿಗೆ ಬರಲಿಲ್ಲ.

ಅದಾದ ಮೇಲಿನದನ್ನು ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕೊನೆಯ ಮಾತು ಅವರದ್ದೇ ಆಗಬೇಕು. ಮರುದಿನ ಅವರು ಆಸ್ಪತ್ರೆ ಸೇರಿದರು. ಆಪರೇಷನ್ ಆಯಿತು. ಈಗ ಕುತ್ತಿಗೆಗೆ ಒಂದು ತೆಳು ಬಟ್ಟೆ ಕಟ್ಟಿಕೊಂಡು, ಹೇಳಬೇಕಾದ್ದನ್ನು ಫೋನಿನಲ್ಲಿ ಟೈಪ್ ಮಾಡುತ್ತಾರೆ. ಫೋನು ಅದನ್ನು ಹೆಂಗಸಿನ ದನಿಯಲ್ಲಿ, ಎಲ್ಲ ಪದಕ್ಕೂ ಒಂದೇ ತೂಕ ಹಾಕಿ ಓದುತ್ತದೆ. ಆ ಯಂತ್ರದ ದನಿಯನ್ನು ಎತ್ತುವುದು ನನಗೆ ಎಡಗೈ ಕೆಲಸ. ಎತ್ತಿಲ್ಲ. ಡಾಕ್ಟರು ಎಲ್ಲವನ್ನೂ ತೆಗೆದಿದ್ದೇವೆ ಅನ್ನುತ್ತಾರೆ, ಮೂರು ತಿಂಗಳಿಗೊಮ್ಮೆ ಮತ್ತೆ ನೋಡುತ್ತಾರೆ. ಮೀನಿನ ಕಂತು ಯಾವುದೋ ವಾಹಿನಿಯಲ್ಲಿ ಯಾರೂ ನೋಡದ ಹೊತ್ತಿನಲ್ಲಿ ಬಂತು. ಮಾವ ಹೋಟೆಲಿನ ಟೀವಿಯಲ್ಲಿ ನೋಡಿ, "ಕೊನೇ ಕೊನೇಲಿ ಸ್ಪೀಕರ್ ಹೋಯ್ತು ಮಾರಾಯ" ಎಂದು ಟೀವಿಯ ತಲೆಗೆ ಎರಡೇಟು ಬಿಟ್ಟರು. ನಾನು ಇನ್ನೊಂದು ಸೌಟು ಸಾಂಬಾರು ಹಾಕಿಸಿಕೊಂಡೆ. ನನ್ನ ರಜಾಯಿಯ ಫೈಲು ಮಗಳ ಫೋನಿನಲ್ಲಿ ಇನ್ನೂ ಇರಬೇಕು. ಅದನ್ನು ಅವಳು ಕೇಳುತ್ತಾಳೋ ಇಲ್ಲವೋ ನಾನು ವಿಚಾರಿಸಿಲ್ಲ. ವಿಚಾರಿಸಿದರೆ ಯಾರ ದನಿಯಲ್ಲಿ ವಿಚಾರಿಸಬೇಕು ಎಂಬುದೇ ತಿಳಿಯುವುದಿಲ್ಲ.

ಆ ಮಧ್ಯಾಹ್ನ ಅವರು ಓದಿ ಮುಗಿಸಿ ಹೊರಬಂದಾಗ ತುಟಿ ನೀಲಿಗಟ್ಟಿತ್ತು. ಮಗಳು ಓಡಿಹೋಗಿ ಜಾಕೆಟ್ ಹೊದಿಸಿದಳು, ಮಫ್ಲರ್ ಸುತ್ತಿದಳು. ರೆಕಾರ್ಡಿಸ್ಟ್ ಹೀಟರನ್ನು ಅವರ ಕಾಲ ಬಳಿಗೆ ತಳ್ಳಿ, ಪರದೆಯ ಮೇಲಿದ್ದ ಎರಡು ಅಲೆಗಳನ್ನು ತೋರಿಸಿದ. ಮೇಲಿನದು ನನ್ನದು, ದುಂಡಗೆ, ತುಂಬಿಕೊಂಡು. ಕೆಳಗಿನದು ಅವರದ್ದು, ಅಲ್ಲಲ್ಲಿ ಹರಿದ ದಾರದ ಹಾಗೆ. "ಅಂಕಲ್‌ಜೀ, ಕೌನ್‌ಸಾ ರಖೂಂ?" ಎಂದು ಕೇಳಿದ. ಯಾವುದನ್ನು ಇಡಲಿ?

ಮಗಳು ಅಪ್ಪನ ಮುಂದೆ ಮಂಡಿಯೂರಿ ಕೂತಳು. ಅವರ ಎರಡು ಕೈಗಳನ್ನೂ ತನ್ನ ಕೈಯೊಳಗೆ ಉಜ್ಜುತ್ತಾ, "ಪಪ್ಪಾ, ಪ್ಲೀಸ್" ಎಂದಳು. "ನಿಮ್ಮದು ಪೂರಾ ಟೂಟ್ ಆಗಿದೆ. ಜನ ಇದನ್ನೇ ಯಾದ್ ಇಟ್ಕೋತಾರೆ. ಇವರದು ಕೇಳಿ, ಎಕ್ಸಾಕ್ಟ್ಲಿ ನೀವೇ. ಮೊದಲಿನ ನೀವು. ಒಂದು ಮಿಸ್ಟೇಕ್ ಇಲ್ಲ. ಯಾರಿಗೆ ಗೊತ್ತಾಗುತ್ತೆ, ಬೋಲಿಯೇ? ಏನು ಕಮ್ಮಿ ಇದೆ ಇದ್ರಲ್ಲಿ?"

ಹಿರಿಯರು ಪರದೆಯನ್ನು ನೋಡಿದರು, ನನ್ನನ್ನು ನೋಡಿದರು. ರಜಾಯಿಯ ವಿಷಯ, ಬಿಸಿನೀರಿನ ಚೀಲದ ವಿಷಯ ನಾನು ಯಾರಿಗೂ ಹೇಳಿರಲಿಲ್ಲ. ಆಮೇಲೆ ಮಗಳ ತಲೆಯ ಮೇಲೆ ಕೈಯಿಟ್ಟು, ಅರ್ಧ ದನಿ ಅರ್ಧ ಗಾಳಿಯಲ್ಲಿ ಹೇಳಿದರು:

"ಇವನ ಮೀನಿಗೆ ಚಳೀನೇ ಆಗಿಲ್ವಲ್ಲಮ್ಮಾ."